ಡಾಂಗಲ್ ಹೇಳಿದ ಸುಳ್ಳು, ನಾನು ಹೇಳಿದ ಸುಳ್ಳು

ನಮ್ಮ ಆಫೀಸಿಗೆ ಹೊಸದಾಗಿ ಸೇರಿರುವ ಹುಡುಗಿಯರು ಮೊನ್ನೆ ಫೋನ್ ಮಾಡಿ, "ಆಂಟಿ, ನಿಮ್ಮ ಕಾಲದ್ದು ಏನಾದ್ರೂ ಬರ್ದು ಕಳ್ಸಿ, ನಮ್ಗೆ ಉಪಯೋಗ ಆಗುತ್ತೆ" ಎಂದರು. ನನ್ನ ಕಾಲವೆಂದರೆ ಕಲ್ಲಿನ ಮೇಲೆ ಕೊರೆಯುತ್ತಿದ್ದ ಕಾಲ ಎಂದುಕೊಂಡಿದ್ದಾರೋ ಏನೋ. ನಾನು ನಿವೃತ್ತಳಾಗಿ ಎರಡು ದೀಪಾವಳಿ ಆಯಿತು, ಅಷ್ಟೆ. ಇಷ್ಟು ವರ್ಷ ಕೀಬೋರ್ಡಿನ ಮೇಲೆ ಇಂಗ್ಲಿಷ್ ಕಮಾಂಡುಗಳನ್ನು ಕುಟ್ಟಿದವಳಿಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಈಗ ಕಲಿಸಿದ್ದಾಳೆ. ಒತ್ತಕ್ಷರ ಬಂದಾಗಲೆಲ್ಲ ನನ್ನ ಹೆಬ್ಬೆರಳಿಗೂ ಫೋನಿಗೂ ಜಗಳ. ಆದರೂ ಬರೆದೇ ಹೇಳುತ್ತೇನೆ. ಬಾಯಲ್ಲಿ ಹೇಳಿದರೆ ನೀವು ನಡುವೆ ನಗುತ್ತೀರಿ.

ಯಾವಾಗ ಸಂಬಳ ಏರಿತು, ಯಾವಾಗ ನನಗೆ ತಿರುಗುವ ಕುರ್ಚಿ ಕೊಟ್ಟರು ಎನ್ನುವುದೆಲ್ಲ ನಿಮಗೆ ಬೇಡ. ನಿಮಗೆ ಬೇಕಾದದ್ದು ಒಂದೇ ಕೇಸು. ಹುಳಿಮಾವಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಮಂಜುಳಾ ಎಂಬ ಸಿಸ್ಟರ್ ನನ್ನ ಒಂದು ಮಾತಿನಿಂದ ಕೆಲಸ ಕಳೆದುಕೊಳ್ಳುವುದರಲ್ಲಿದ್ದರು. ಅದು ಅರ್ಥವಾಗಬೇಕಾದರೆ ಡಾಂಗಲ್ ಎಂಬ ಪ್ರಾಣಿಯ ಗುಣ ಮೊದಲು ಗೊತ್ತಿರಬೇಕು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಮೊದಲು ಫ್ಯಾಕ್ಟರಿಯೊಂದರಲ್ಲಿ ಟೆಲಿಫೋನಿನ ಕಾಯಿಲ್ ಸುತ್ತುತ್ತಿದ್ದೆ, ಬೆಸುಗೆ ಹಾಕುತ್ತಿದ್ದೆ. ಅದು ಮುಚ್ಚಿದ ಮೇಲೆ ಜೆ.ಪಿ. ನಗರದಲ್ಲಿ ಒಂದು ಮನೆಯ ಗ್ರೌಂಡ್ ಫ್ಲೋರಿನಲ್ಲಿದ್ದ ಈ ಸಣ್ಣ ಕಂಪನಿಗೆ ಬಂದೆ. ಇದರ ಯಜಮಾನರು ಸದಾಶಿವ ಸಾರ್. ಹಣೆಗೆ ವಿಭೂತಿ, ಜೇಬಿನಲ್ಲಿ ಸ್ಕ್ರೂ ಡ್ರೈವರ್, ಎರಡೂ ಇಲ್ಲದೆ ಅವರನ್ನು ನಾನು ನೋಡಿಯೇ ಇಲ್ಲ. ಇಂಟರ್‌ವ್ಯೂನಲ್ಲಿ ಕೇಳಿದರು: "ಕಂಪ್ಯೂಟರ್ ಗೊತ್ತೇನಮ್ಮ?"

"ಬಿಚ್ಚೋಕೆ ಗೊತ್ತು ಸಾರ್. ನಡ್ಸೋಕೆ ನೀವು ಹೇಳ್ಕೊಡಿ" ಎಂದೆ.

ಅವರು ನಕ್ಕು ನನ್ನ ಕೈಗೆ ಇಸ್ಪೀಟಿನ ಕಟ್ಟಿನಷ್ಟು ದೊಡ್ಡ ಹಸಿರು ಹಲಗೆಯೊಂದನ್ನು ಕೊಟ್ಟರು. ಅದೇ ಕಂಪ್ಯೂಟರ್. ಸ್ಕ್ರೀನ್ ಇಲ್ಲ, ಕೀಬೋರ್ಡ್ ಇಲ್ಲ, ಒಳಗೆ ಓಡುವುದು ಲಿನಕ್ಸ್ ಎಂಬ ಸಾಫ್ಟ್‌ವೇರ್. ಅದನ್ನು ಒಂದು ಪ್ಲಾಸ್ಟಿಕ್ ಬಾಕ್ಸಿನಲ್ಲಿ ಕೂರಿಸಿ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿಗೋ, ಅಂಗಡಿಯ ಫ್ರೀಜರಿಗೋ ಕಾವಲು ಇಡುವುದು ನಮ್ಮ ಕಸುಬು. ನೀರು ಎಷ್ಟಿದೆ, ಎಷ್ಟು ತಣ್ಣಗಿದೆ ಎಂದು ಅದು ಐದೈದು ನಿಮಿಷಕ್ಕೆ ನಮ್ಮ ಆಫೀಸಿಗೆ ಸುದ್ದಿ ಕಳಿಸಬೇಕು. ಆಗ ಎಲ್ಲ ಕಡೆ ವೈಫೈ ಎಲ್ಲಿತ್ತು? ಸಿಮ್ ಹಾಕಿದ ಡಾಂಗಲ್ಲನ್ನು ಅದರ ಯು.ಎಸ್.ಬಿ. ತೂತಿಗೆ ಚುಚ್ಚಿದರೆ ಅದೇ ಅದರ ಬಾಯಿ.

ಆ ಬಾಯಿ ಹೇಳುವ ಮೊದಲ ಮಾತೇ ಸುಳ್ಳು. ಇದು ನನಗೆ ಗೊತ್ತಾಗುವುದಕ್ಕೆ ಜಯನಗರದ ಒಂದು ಬಿಲ್ಡಿಂಗಿನ ತಾರಸಿಯ ಮೇಲೆ ಎರಡು ದಿನ ಬಿಸಿಲು ಕಾದಿದ್ದೇನೆ. ಡಾಂಗಲ್ ಚುಚ್ಚಿದರೆ ಕಂಪ್ಯೂಟರು "ಒಂದು ಸಿ.ಡಿ. ಬಂದಿದೆ" ಎನ್ನುತ್ತದೆ! ನಾನು ಕಿತ್ತು ಮತ್ತೆ ಚುಚ್ಚಿದೆ, ಒರೆಸಿ ಚುಚ್ಚಿದೆ, ಗಣಪತಿಗೆ ಕೈ ಮುಗಿದು ಚುಚ್ಚಿದೆ. ಸಿ.ಡಿ.ಯೇ. ಕೊನೆಗೆ ಸದಾಶಿವ ಸಾರ್‌ಗೆ ಫೋನ್ ಮಾಡಿದೆ.

"ಸಾರ್, ಅಂಗಡಿಯವ್ರು ಡಾಂಗಲ್ ಅಂತ ಸಿ.ಡಿ. ಕೊಟ್ಟಿದಾರೆ."

"ಇಲ್ಲಮ್ಮ, ಅದು ಹಂಗೇ. ಮನೆ ಕಂಪ್ಯೂಟರ್‌ಗೆ ಬೇಕಾದ ಸಾಫ್ಟ್‌ವೇರ್ ಅದ್ರೊಳಗೇ ಇಟ್ಟಿರ್ತಾರೆ. ಅದಕ್ಕೆ ಮೊದ್ಲು ಸಿ.ಡಿ. ವೇಷದಲ್ಲಿ ಬರುತ್ತೆ. ನಮ್ಮದು ಲಿನಕ್ಸು, ಪಾಪ, ಹೇಳಿದ್ದನ್ನ ನಂಬುತ್ತೆ. ವೇಷ ಬದಲಾಯ್ಸು ಅಂತ ಒಂದು ಕಮಾಂಡ್ ಇದೆ, ಬರ್ಕೊಳಿ."

ಮದುವೆಮನೆಯಲ್ಲಿ ಗಂಡಿನ ಕಡೆಯವರಿಗೆ ತಾನು ಹೆಣ್ಣಿನ ಕಡೆ, ಹೆಣ್ಣಿನ ಕಡೆಯವರಿಗೆ ತಾನು ಗಂಡಿನ ಕಡೆ ಎಂದು ಹೇಳಿ ಮೊದಲ ಪಂಕ್ತಿಗೇ ಕೂರುವವನಿರುತ್ತಾನಲ್ಲ, ಅವನೇ ಇವನು. ಕೊರಳಪಟ್ಟಿ ಹಿಡಿದು "ಯಾರಪ್ಪ ನೀನು, ಸರಿಯಾಗಿ ಹೇಳು" ಎನ್ನಬೇಕು. ಆಗ ಡಾಂಗಲ್ ಒಂದು ಕ್ಷಣ ಮಾಯವಾಗಿ, ಮತ್ತೆ ನೆಟ್ ಕೊಡುವ ಮೋಡೆಮ್ ಆಗಿ ಹಾಜರಾಗುತ್ತದೆ. ಆ ಕಮಾಂಡನ್ನು ನನ್ನ ಮನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದೇ ಪುಟದಲ್ಲಿ ಇಡ್ಲಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು ಎನ್ನುವ ಲೆಕ್ಕವೂ ಇತ್ತು. ಆಮೇಲೆ ಆಫೀಸಿನವರಿಗೆಲ್ಲ ಆ ಪುಟದ ಫೋಟೊವೇ ಪಾಠವಾಯಿತು. ಕೆಲವರ ಮನೆಯಲ್ಲಿ ಇಡ್ಲಿಯೂ ಸುಧಾರಿಸಿತು ಎಂದು ಕೇಳಿದ್ದೇನೆ.

ವೇಷ ಕಳಚಿದ ಮೇಲೂ ಅದು ಸುಮ್ಮನೆ ಬಗ್ಗುವುದಿಲ್ಲ. ಮೋಡೆಮ್ಮಿಗೆ ಮೂರು ಬಾಗಿಲು: ಸೊನ್ನೆ, ಒಂದು, ಎರಡು. ಕೆಲವು ಡಾಂಗಲ್ ಸೊನ್ನೆಯಲ್ಲಿ ಮಾತಾಡುತ್ತವೆ, ಕೆಲವು ಎರಡರಲ್ಲಿ. ಬಾಗಿಲು ತಟ್ಟಿ "ಎ.ಟಿ." ಎಂದು ಒತ್ತಬೇಕು. ಸರಿಯಾದ ಬಾಗಿಲಾದರೆ ಒಳಗಿನಿಂದ "ಓ.ಕೆ." ಎಂದು ಬರುತ್ತದೆ. ಆ ಎರಡು ಅಕ್ಷರ ಮೊದಲ ಸಲ ಬಂದಾಗ ನಾನು ತಾರಸಿಯ ಮೇಲೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ಪಕ್ಕದ ಮನೆಯಲ್ಲಿ ಸಂಡಿಗೆ ಒಣಗಿಸುತ್ತಿದ್ದ ಹೆಂಗಸು ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೂರನೆಯ ಪಾಠ ಕರೆಂಟಿನದು. ನಿಮಗೆ ಬಹಳ ಮುಖ್ಯವಾದದ್ದು ಇದೇ. ಬನಶಂಕರಿಯಲ್ಲಿ ಒಂದು ಅಂಗಡಿಯ ಹಿಂದುಗಡೆ ಸಿಗ್ನಲ್ ಬರಲಿಲ್ಲ. ನಾನು ಜಾಣತನ ಮಾಡಿ ಡಾಂಗಲ್ಲನ್ನು ಪ್ಲಾಸ್ಟಿಕ್ಕಿನ ಹೋಳಿಗೆ ಡಬ್ಬಿಯೊಳಗೆ ಹಾಕಿ, ಉದ್ದನೆಯ ವೈರು ಎಳೆದು, ಕಿಟಕಿಯಾಚೆ ಕೋಲಿನ ತುದಿಗೆ ಕಟ್ಟಿದೆ. ಕಟ್ಟಡದ ಯಜಮಾನರು ಹಳೆ ಊರಿನ ಗೌಡರು. ಅಲ್ಲೇ ಹೊಲ ಉಳುತ್ತಿದ್ದವರು ಈಗ ಬಾಡಿಗೆಗೆ ಮಳಿಗೆ ಕಟ್ಟಿಸಿದ್ದರು. ಕೆಳಗೆ ನಿಂತು ಕೂಗಿದರು: "ಏನಮ್ಮೋ ಅದು, ದೃಷ್ಟಿಗೊಂಬೆನಾ?"

"ಹೌದು ಗೌಡ್ರೆ, ನಿಮ್ಮ ಬಿಲ್ಡಿಂಗ್ ಚೆನ್ನಾಗಿದ್ಯಲ್ಲ, ಅದಕ್ಕೆ."

"ಹಂಗಾದ್ರೆ ಎರಡು ಕಟ್ಬಿಡು. ಆ ಕಡೆನೂ ಜನ ನೋಡ್ತಾರೆ."

ಸಿಗ್ನಲ್ ಬಂತು, ಆದರೆ ಬಾಕ್ಸು ಹತ್ತು ನಿಮಿಷಕ್ಕೊಮ್ಮೆ ಸತ್ತು ಹುಟ್ಟತೊಡಗಿತು. ಕಾರಣ ಸುಲಭ. ಸಿಗ್ನಲ್ ಹುಡುಕುವಾಗ ಡಾಂಗಲ್ ಜಾಸ್ತಿ ಕರೆಂಟು ಕುಡಿಯುತ್ತದೆ. ಇಸ್ಪೀಟಿನ ಕಟ್ಟಿನಷ್ಟಿರುವ ಕಂಪ್ಯೂಟರಿಗೆ ಅಷ್ಟು ಕುಡಿಸುವ ಶಕ್ತಿ ಇಲ್ಲ. ಉದ್ದ ವೈರಿನಲ್ಲಿ ಇನ್ನಷ್ಟು ಸೋರಿಹೋಗುತ್ತದೆ. ಇದಕ್ಕೆ ಮದ್ದು, ಡಾಂಗಲ್ಲಿಗೂ ಕಂಪ್ಯೂಟರಿಗೂ ನಡುವೆ ಕೂರುವ, ಸ್ವಂತ ಅಡಾಪ್ಟರ್ ಇರುವ ಯು.ಎಸ್.ಬಿ. ಹಬ್. ಹಬ್ಬನ್ನು ಗೋಡೆಯ ಪ್ಲಗ್ಗಿಗೆ ಹಾಕಿದರೆ ಡಾಂಗಲ್ಲಿಗೆ ಊಟ ಅಲ್ಲಿಂದ, ಕಂಪ್ಯೂಟರ್ ನಿಶ್ಚಿಂತೆ. ಅಂದಿನಿಂದ ನನ್ನ ಬ್ಯಾಗಿನಲ್ಲಿ ಮೂರು ಹಬ್ಬು, ಮೂರು ಮಲ್ಟಿಪ್ಲಗ್ಗು ಯಾವಾಗಲೂ. ಆಫೀಸಿನಲ್ಲಿ ನನ್ನ ಹೆಸರು ಗಿರಿಜಾ ಎನ್ನುವುದು ಮರೆತು "ಡಾಂಗಲ್ ಆಂಟಿ" ಎಂದಾಯಿತು. ನನಗೂ ಸ್ವಲ್ಪ ತಲೆ ತಿರುಗಿತು ಎನ್ನಿ.

ಈಗ ಹುಳಿಮಾವು.

ಆ ನರ್ಸಿಂಗ್ ಹೋಮಿನಲ್ಲಿ ಮಕ್ಕಳಿಗೆ ಹಾಕುವ ಲಸಿಕೆಗಳನ್ನು ಒಂದು ಫ್ರಿಜ್‌ನಲ್ಲಿ ಇಡುತ್ತಿದ್ದರು. ಎರಡು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಎಂಟಕ್ಕಿಂತ ಮೇಲೆ ಹೋಗಬಾರದು. ಡಾಕ್ಟರು ನಮ್ಮ ಬಾಕ್ಸ್ ಹಾಕಿಸಿದರು. ಫ್ರಿಜ್ ಇದ್ದ ಮೂಲೆಯಲ್ಲಿ ಸಿಗ್ನಲ್ ಕಡಿಮೆ, ಆದ್ದರಿಂದ ಹಬ್ ಬೇಕು. ಹಬ್ಬಿಗೆ ಪ್ಲಗ್ ಬೇಕು. ಆ ಮೂಲೆಯಲ್ಲಿದ್ದದ್ದು ಒಂದೇ ಪ್ಲಗ್ ಪಾಯಿಂಟು, ಅದು ಫ್ರಿಜ್‌ನದು. ನಾನು ಯೋಚಿಸಲೂ ಇಲ್ಲ. ಫ್ರಿಜ್‌ನ ಪ್ಲಗ್ ಕಿತ್ತು, ಮಲ್ಟಿಪ್ಲಗ್ ಹಾಕಿ, ಒಂದು ಕಡೆ ಫ್ರಿಜ್, ಇನ್ನೊಂದು ಕಡೆ ಹಬ್ಬಿನ ದಪ್ಪ ಅಡಾಪ್ಟರ್ ಸಿಕ್ಕಿಸಿದೆ. ಅದು ಸ್ವಲ್ಪ ಜೋತುಬಿತ್ತು. ಕಂಪ್ಯೂಟರಿಗೆ ಮಾತ್ರ ಸ್ವಂತ ಬ್ಯಾಟರಿ ಇತ್ತು. "ಎ.ಟಿ." ಎಂದೆ, "ಓ.ಕೆ." ಎಂದಿತು. ಸಿಸ್ಟರ್ ಮಂಜುಳಾ ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತಿದೆ.

ಎರಡು ವಾರದಲ್ಲಿ ಡಾಕ್ಟರು ಫೋನ್ ಮಾಡಿದರು. "ಮಧ್ಯಾಹ್ನ ಮೂರರಿಂದ ಅರ್ಧ ಗಂಟೆ ದಿನಾ ರೀಡಿಂಗ್ ಬರ್ತಿಲ್ಲಮ್ಮ."

"ನೆಟ್‌ವರ್ಕ್ ಸಾರ್" ಎಂದೆ.

ನಮ್ಮ ಕಸುಬಿನಲ್ಲಿ ಇದು ಮಂತ್ರ. "ನೆಟ್‌ವರ್ಕ್" ಎಂದರೆ ಆ ಕಡೆಯವರು "ಹೌದಾ, ಸರಿ" ಎಂದು ಫೋನ್ ಇಡುತ್ತಾರೆ. ಯಾರ ತಪ್ಪೂ ಅಲ್ಲ, ಯಾರೂ ಎದ್ದು ಹೋಗಬೇಕಿಲ್ಲ. ನಾನು ಆ ಬಾಕ್ಸಿನ ಒಳಗೆ ಒಂದು ಸಲ ಕೂಡ ಇಣುಕಿ ನೋಡದೆ ಮೂರು ಸಲ ಆ ಮಂತ್ರ ಹೇಳಿದೆ. ಇದು ನನ್ನ ಮೊದಲ ಸುಳ್ಳು.

ಆಮೇಲೆ ಒಂದು ದಿನ ಅರ್ಧ ಗಂಟೆಯ ಬದಲು ಮೂರೂವರೆ ಗಂಟೆ ಬಾಕ್ಸು ಮೌನವಾಯಿತು. ಮತ್ತೆ ಬಾಯಿ ಬಿಟ್ಟಾಗ ಫ್ರಿಜ್ ಒಳಗೆ ಹನ್ನೆರಡು ಡಿಗ್ರಿ. ಡಾಕ್ಟರು ಅದನ್ನು ನೋಡಿ ಲಸಿಕೆಯನ್ನೆಲ್ಲ ತೆಗೆದು ಬೇರೆ ಇಟ್ಟರು. ಒಂದು ಮಗುವಿಗೂ ಕೊಡಲಿಲ್ಲ. ಮರುದಿನ ಬೆಳಗ್ಗೆ ಕೂಸುಗಳನ್ನು ಎತ್ತಿಕೊಂಡು ಸಾಲಾಗಿ ಬಂದಿದ್ದ ತಾಯಂದಿರನ್ನು ವಾಪಸು ಕಳಿಸಿದರು. ಆಮೇಲೆ ನನಗೆ ಫೋನ್.

"ಇದೂ ನೆಟ್‌ವರ್ಕಾ?" ಅವರ ದನಿ ಬೇರೆಯಾಗಿತ್ತು.

ನನಗೆ ಹೆದರಿಕೆಯಾಯಿತು. ಅಲ್ಲೇ ಹತ್ತಿರದ ಅಂಗಡಿಯೊಂದರಲ್ಲಿದ್ದ ನಮ್ಮ ಇನ್ನೊಂದು ಬಾಕ್ಸು ಅಷ್ಟೂ ಹೊತ್ತು ಸರಿಯಾಗಿ ಮಾತಾಡಿತ್ತು, ಆದ್ದರಿಂದ ನೆಟ್‌ವರ್ಕ್ ಎನ್ನುವಂತಿರಲಿಲ್ಲ. ನನ್ನ ಬಾಕ್ಸು ಕೆಟ್ಟಿದೆ ಎನ್ನಲು ನಾಲಿಗೆ ಏಳಲಿಲ್ಲ. "ನೆಟ್‌ವರ್ಕ್ ಚೆನ್ನಾಗಿತ್ತು ಸಾರ್. ಬಾಕ್ಸೂ ಚೆನ್ನಾಗಿದೆ. ಯಾರೋ ಮುಟ್ಟಿರ್ಬೇಕು" ಎಂದೆ.

ಎರಡನೆಯದು. ಮೊದಲನೆಯದು ಸೋಮಾರಿತನದ ಸುಳ್ಳು, ಇದು ಇನ್ನೊಬ್ಬರ ಕಡೆ ಬೆರಳು ತೋರಿಸಿದ ಸುಳ್ಳು.

ಸಂಜೆ ಮಂಜುಳಾ ಸಿಸ್ಟರೇ ಫೋನ್ ಮಾಡಿದರು. ಕೂಗಾಡಲಿಲ್ಲ. "ಆಂಟಿ, ಯಾರೋ ಅಂದ್ರೆ ಯಾರು?"

ಅವರೇ ಮುಂದುವರಿಸಿದರು.

"ಆ ರೂಮಿಗೆ ಹೋಗೋದು ನಾನೊಬ್ಳೇ. ಮೂರು ಗಂಟೆಗೆ ಸ್ಟಾಕ್ ನೋಡೋದು ನಾನೇ. ಫ್ರಿಜ್ ಬಾಗ್ಲು ತೆಗ್ದಿಟ್ಟು, ಗೊತ್ತಾಗ್ಬಾರ್ದು ಅಂತ ದಿನಾ ನಿಮ್ ಬಾಕ್ಸ್ ಆಫ್ ಮಾಡ್ತಿದೀನಿ ಅಂತ ಡಾಕ್ಟ್ರು ತಿಳ್ಕೊಂಡಿದಾರೆ. ನಾಳೆಯಿಂದ ಬರ್ಬೇಡಿ, ಸೋಮವಾರ ಹೇಳ್ತೀನಿ ಅಂದಿದಾರೆ. ಹದಿನಾಲ್ಕು ವರ್ಷ ಆಯ್ತು ಆಂಟಿ ನಾನಿಲ್ಲಿ. ಈ ಹೆಸ್ರು ತಗೊಂಡು ಹೊರಗೆ ಹೋದ್ರೆ ಬೇರೆ ಯಾವ ಆಸ್ಪತ್ರೆಯವ್ರು ನನ್ ಕೈಗೆ ಮಗು ಕೊಡ್ತಾರೆ?"

ಅಂದು ಗುರುವಾರ. ಮರುದಿನ ಬೆಳಗ್ಗೆ ಬನಶಂಕರಿಯಿಂದ ಬಸ್ಸು ಹಿಡಿದು, ಸಣ್ಣ ಸ್ಕ್ರೀನು, ಕೀಬೋರ್ಡು ಹೊತ್ತು ಹುಳಿಮಾವಿಗೆ ಹೋದೆ. ಡಾಕ್ಟರ ಅನುಮತಿ ಕೇಳಿ ಮಂಜುಳಾ ಸಿಸ್ಟರನ್ನೂ ಕರೆಸಿದೆ. ಅವರು ಯೂನಿಫಾರ್ಮ್ ಇಲ್ಲದೆ ಚೂಡಿದಾರಿನಲ್ಲಿ ಬಂದು ಬಾಗಿಲ ಹತ್ತಿರವೇ ನಿಂತರು, ಬೇರೆಯವರ ಮನೆಗೆ ಬಂದವರ ಹಾಗೆ.

ಬಾಕ್ಸಿಗೆ ಸ್ಕ್ರೀನ್ ಹಚ್ಚಿ ಅದು ಬರೆದಿಟ್ಟ ದಿನಚರಿ ತೆಗೆದೆ. ಲಿನಕ್ಸಿನ ಒಳ್ಳೆಯ ಗುಣ ಇದು: ಯಾರೂ ಕೇಳದಿದ್ದರೂ ನಡೆದದ್ದನ್ನೆಲ್ಲ ಬರೆದಿಡುತ್ತದೆ, ನಮ್ಮ ಬೀದಿಯ ಕೊನೆ ಮನೆಯ ಅಜ್ಜಿಯ ಹಾಗೆ. ಫ್ರಿಜ್ ಬೆಚ್ಚಗಾದ ದಿನ ಮಧ್ಯಾಹ್ನ ಮೂರು ಗಂಟೆ ನಾಲ್ಕು ನಿಮಿಷಕ್ಕೆ ಒಂದು ಸಾಲು ಇತ್ತು: "ಯು.ಎಸ್.ಬಿ. ಡಿಸ್ಕನೆಕ್ಟ್." ಅದನ್ನು ಎರಡು ಸಲ ಓದಿದೆ.

ಇದನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಿ. ಸಿಗ್ನಲ್ ಹೋದರೆ ಡಾಂಗಲ್ ತನ್ನ ಜಾಗದಲ್ಲೇ ಇರುತ್ತದೆ, ಮಾತು ಮಾತ್ರ ನಿಲ್ಲುತ್ತದೆ. ಡಾಂಗಲ್ಲೇ ಮಾಯವಾದರೆ ಅದಕ್ಕೆ ಕರೆಂಟು ಹೋಗಿದೆ ಎಂದರ್ಥ. ಕಂಪ್ಯೂಟರು ಮಾತ್ರ ತನ್ನ ಬ್ಯಾಟರಿಯ ಮೇಲೆ ಎಚ್ಚರವಾಗಿಯೇ ಇತ್ತು. ಅಂದಮೇಲೆ ಯಾರೂ ಅದನ್ನು ಆಫ್ ಮಾಡಿರಲಿಲ್ಲ. ಕಳಿಸಲಾಗದ ರೀಡಿಂಗುಗಳನ್ನು ಅದು ಮೆಮರಿ ಕಾರ್ಡಿನಲ್ಲಿ ಬರೆದಿಟ್ಟಿತ್ತು. ಐದು, ಐದೂವರೆ, ಆರು, ಏಳು, ಹೀಗೆ ನಿಧಾನವಾಗಿ ಹನ್ನೆರಡರವರೆಗೆ. ಫ್ರಿಜ್ ಬಾಗಿಲು ತೆರೆದಿಟ್ಟಿದ್ದರೆ ಹಾಗೆ ಮೆಲ್ಲಗೆ ಏರುವುದಿಲ್ಲ, ಒಮ್ಮೆಗೇ ಜಿಗಿಯುತ್ತದೆ. ಏರಿಕೆ ಶುರುವಾದದ್ದು ಡಾಂಗಲ್ ಮಾಯವಾದ ಹೊತ್ತಿಗೇ.

ಡಾಂಗಲ್ಲಿಗೂ ಫ್ರಿಜ್‌ಗೂ ಒಟ್ಟಿಗೆ ಕರೆಂಟು ಹೋಗಿದೆ. ಎರಡಕ್ಕೂ ನಡುವೆ ಇರುವುದು ಒಂದೇ ವಸ್ತು. ಅದನ್ನು ಹಾಕಿದವಳು ನಾನು.

"ಸಿಸ್ಟರ್, ಮೂರು ಗಂಟೆಗೆ ಬಂದು ಮೊದ್ಲು ಏನ್ ಮಾಡ್ತೀರ? ಹಂಗೇ ಮಾಡಿ ತೋರ್ಸಿ" ಎಂದೆ.

ಅವರು ಫ್ರಿಜ್ ಪಕ್ಕದ ಕಬ್ಬಿಣದ ಬೀರುವಿನ ಬಾಗಿಲು ತೆಗೆದರು. ಸಿರಿಂಜು, ಹತ್ತಿ ಇಡುವ ಬೀರು ಅದು. ಬಾಗಿಲು ಪೂರ್ತಿ ತೆರೆದುಕೊಂಡು, ಜೋತುಬಿದ್ದಿದ್ದ ಅಡಾಪ್ಟರಿಗೆ ಮೆತ್ತಗೆ ತಾಗಿತು. ಮಲ್ಟಿಪ್ಲಗ್ ಕೂದಲೆಳೆಯಷ್ಟು ವಾಲಿತು. ಹಬ್ಬಿನ ಕೆಂಪು ದೀಪ ಆರಿತು. ಗುಂಯ್‌ಗುಡುತ್ತಿದ್ದ ಫ್ರಿಜ್ ಸುಮ್ಮನಾಯಿತು.

ಇಬ್ಬರೂ ಆ ಮೌನ ಕೇಳಿಸಿಕೊಂಡೆವು.

ಅವರು ಬೀರು ಮುಚ್ಚಿದರು. ಪ್ಲಗ್ ತನ್ನ ಜಾಗಕ್ಕೆ ಬಂತು, ದೀಪ ಹತ್ತಿತು.

"ಆವತ್ತು ಹೆರಿಗೆ ಕೇಸ್ ಬಂತು ಅಂತ ಬೀರು ಹಂಗೇ ಬಿಟ್ಟು ಓಡಿದ್ದೆ" ಎಂದರು. "ವಾಪಸ್ ಬಂದಾಗ ಆರೂವರೆ." ಆಮೇಲೆ ನನ್ನನ್ನೇ ನೋಡಿ, "ಈ ಪ್ಲಗ್ ಹಾಕಿದ್ದು ಯಾರು ಆಂಟಿ?" ಎಂದರು. ಗೊತ್ತಿದ್ದೇ ಕೇಳಿದರು.

"ನಾನೇ."

ಅವರು ಆಚೆ ಹೋಗಿ ಬೆಂಚಿನ ಮೇಲೆ ಕೂತರು.

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಸದಾಶಿವ ಸಾರ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

"ರಿಪೋರ್ಟಲ್ಲಿ ವೋಲ್ಟೇಜ್ ಏರುಪೇರು ಅಂತ ಬರೆಯೋಣ್ವ ಗಿರಿಜಮ್ಮ? ಸಿಸ್ಟರ್‌ದೂ ಅಲ್ಲ, ನಮ್ದೂ ಅಲ್ಲ."

ಆ ಮಾತು ಕೇಳಲು ಎಷ್ಟು ಹಿತವಾಗಿತ್ತೆಂದರೆ, ಒಂದು ಕ್ಷಣ ನಾನೂ ಹೂಂ ಎನ್ನುವುದರಲ್ಲಿದ್ದೆ. ಇನ್ನೊಂದು ನೆಟ್‌ವರ್ಕ್ ಮಂತ್ರ. ಆದರೆ ಬೆಂಚಿನ ಮೇಲೆ ಚೂಡಿದಾರಿನಲ್ಲಿ ಕೂತಿದ್ದವರು ಕಣ್ಣಿಗೆ ಕಾಣುತ್ತಿದ್ದರು.

"ಹಂಗಂದ್ರೆ ಡಾಕ್ಟ್ರಿಗೆ ಅನುಮಾನ ಹೋಗಲ್ಲ ಸಾರ್. ಸಿಸ್ಟರ್ ಮೇಲೆ ಕಡೆವರ್ಗೂ ಒಂದು ಕಣ್ಣು ಇಟ್ಟೇ ಇರ್ತಾರೆ."

"ನಮ್ಮ ತಪ್ಪು ಅಂತ ಬರೆದ್ರೆ ಆ ಆಸ್ಪತ್ರೆ ಕೆಲ್ಸ ನಮ್ ಕೈಬಿಟ್ಟು ಹೋಗುತ್ತಲ್ಲಮ್ಮ."

"ಬರೀದಿದ್ರೆ ಸಿಸ್ಟರ್ ಹೋಗ್ತಾರೆ ಸಾರ್. ನಾವು ಇನ್ನೊಂದು ಆಸ್ಪತ್ರೆ ಹುಡುಕ್ಬೋದು."

"ಅಲ್ಲೇ ಇರಿ, ಒಬ್ರೇ ಹೇಳೋಕೆ ಹೋಗ್ಬೇಡಿ. ನಾನೂ ಬರ್ತೀನಿ" ಎಂದರು. ಮುಕ್ಕಾಲು ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದರು. ನನಗೆ ಅನೇಕ ಮೇಲಧಿಕಾರಿಗಳ ಬಗ್ಗೆ ಅನೇಕ ದೂರು ಇವೆ, ಅವರ ಬಗ್ಗೆಯೂ ಇವೆ. ಆದರೆ ಆ ಸ್ಕೂಟರಿನ ಸದ್ದಿಗೆ ನಾನು ಎಲ್ಲವನ್ನೂ ವಜಾ ಮಾಡಿದ್ದೇನೆ.

ಡಾಕ್ಟರನ್ನು ಆ ರೂಮಿಗೇ ಕರೆದುಕೊಂಡು ಹೋದೆವು. ಮಂಜುಳಾ ಸಿಸ್ಟರನ್ನೂ ಕರೆದೆ. ಅವರ ಬೆನ್ನ ಹಿಂದೆ ಅವರ ಬಗ್ಗೆ ಇನ್ನೊಂದು ಮಾತು ನನಗೆ ಬೇಕಿರಲಿಲ್ಲ. ಬೀರು ತೆಗೆದು ತೋರಿಸಿದೆ. ದಿನಚರಿಯ ಸಾಲು ತೋರಿಸಿದೆ. "ಯಾರೋ ಮುಟ್ಟಿರ್ಬೇಕು ಅಂದಿದ್ನಲ್ಲ ಸಾರ್, ಮುಟ್ಟಿದ್ದು ನಾನೇ. ಫ್ರಿಜ್ ಪ್ಲಗ್ ಕಿತ್ತಿದ್ದು ನಾನು. ಮೂರು ಸಲ ನೆಟ್‌ವರ್ಕ್ ಅಂದಿದ್ದೂ ನೋಡದೇ ಅಂದಿದ್ದು" ಎಂದೆ.

ಡಾಕ್ಟರು ಬೀರುವಿನ ಬಾಗಿಲನ್ನು ತಾವೇ ಎರಡು ಸಲ ತೆಗೆದು ಹಾಕಿ ನೋಡಿದರು. ನಮ್ಮ ಮೇಲೆ ರೇಗಿದರು, ನ್ಯಾಯವಾಗಿಯೇ ರೇಗಿದರು. ಆಮೇಲೆ ತಿರುಗಿ, "ಸಿಸ್ಟರ್, ನಾನು ನಿಮ್ಮನ್ನ ಒಂದ್ಮಾತು ಕೇಳ್ಬೇಕಾಗಿತ್ತು. ನಾಳೆಯಿಂದ ಡ್ಯೂಟಿಗೆ ಬನ್ನಿ" ಎಂದರು.

"ನಾಳೆ ಯಾಕೆ ಸಾರ್? ಮೂರು ಗಂಟೆ ಸ್ಟಾಕ್ ಇನ್ನೂ ನೋಡಿಲ್ಲ" ಎಂದು ಮಂಜುಳಾ ಸಿಸ್ಟರ್ ಯೂನಿಫಾರ್ಮ್ ಹಾಕಿಕೊಳ್ಳಲು ಹೋದರು. ನನ್ನ ಕಡೆ ನೋಡಲಿಲ್ಲ. ನೋಡಬೇಕೆಂದು ಕೇಳುವ ಹಕ್ಕೂ ನನಗಿರಲಿಲ್ಲ.

ಆ ಆಸ್ಪತ್ರೆ ನಮ್ಮ ಕೈಬಿಡಲಿಲ್ಲ, ಆದರೆ ನಾವು ಕೆಲಸ ಮಾಡುವ ರೀತಿ ಅಂದೇ ಬದಲಾಯಿತು. ಕಾಯಬೇಕಾದ ವಸ್ತುವಿನ ಪ್ಲಗ್ಗನ್ನು ಕಾವಲುಗಾರ ಮುಟ್ಟಬಾರದು. ಬೇರೆ ಪಾಯಿಂಟ್ ಹಾಕಿಸಿಯೇ ಬಾಕ್ಸ್ ಇಡಬೇಕು. ಮೌನವಾಗಿದ್ದಾಗ ಬರೆದಿಟ್ಟ ರೀಡಿಂಗನ್ನು ಬಾಕ್ಸು ಬಾಯಿ ಬಂದ ಕೂಡಲೇ ಕಳಿಸಬೇಕು. ದಿನಚರಿ ನೋಡದೆ "ನೆಟ್‌ವರ್ಕ್" ಎಂದವರು ಎಲ್ಲರಿಗೂ ವಡೆ ತರಿಸಬೇಕು. ಕೊನೆಯ ನಿಯಮ ನಾನು ಮಾಡಿದ್ದು, ಮೊದಲ ವಡೆಯೂ ನಾನೇ ತರಿಸಿದ್ದು.

ಮುಂದಿನ ವಾರ ಹೊಸ ಪಾಯಿಂಟಿಗೆ ಬಾಕ್ಸು ಬದಲಾಯಿಸಲು ಹೋದಾಗ ಫ್ರಿಜ್‌ನ ಪ್ಲಗ್ಗಿನ ಮೇಲೆ ಗಾಯಕ್ಕೆ ಹಾಕುವ ಬಿಳಿ ಟೇಪ್ ಅಡ್ಡಡ್ಡವಾಗಿ ಅಂಟಿಸಿತ್ತು. ಅದರ ಮೇಲೆ ಕೆಂಪು ಪೆನ್ನಿನಲ್ಲಿ: "ಫ್ರಿಜ್ ಮಾತ್ರ. ಯಾರೂ ತೆಗೆಯಬಾರದು. ಡಾಂಗಲ್ ಆಂಟಿ ಕೂಡ." ಓದಿ ನಾನು ತಿರುಗಿದರೆ ಮಂಜುಳಾ ಸಿಸ್ಟರ್ ಕಾಫಿ ಹಿಡಿದು ನಿಂತಿದ್ದರು. ಸಕ್ಕರೆ ಹಾಕಿರಲಿಲ್ಲ. ನಾನು ಕುಡಿದೆ.

ಹೋದ ತಿಂಗಳು ಜ್ವರ ಬರದಿರಲೆಂದು ಹಾಕುವ ಇಂಜೆಕ್ಷನ್‌ಗೆ ಅಲ್ಲಿಗೇ ಹೋಗಿದ್ದೆ. ಈಗ ಅಲ್ಲಿ ವೈಫೈ ಬಂದಿದೆ, ಡಾಂಗಲ್ ಇಲ್ಲ. ನಾನು ಹಾಕಿದ್ದ ಹಬ್ಬೂ ಇಲ್ಲ. ಆದರೆ ಪ್ಲಗ್ಗಿನ ಮೇಲೆ ಟೇಪ್ ಇದೆ, ಬೆಳ್ಳಗೆ, ಹೊಸದಾಗಿ.

"ಇನ್ನೂ ಯಾಕೆ ಸಿಸ್ಟರ್ ಅದು? ನಾನು ರಿಟೈರ್ ಆದೆ."

"ನೀವು ರಿಟೈರ್ ಆದ್ರಿ ಆಂಟಿ. ಪ್ಲಗ್ ಪಾಯಿಂಟ್ ಆಗಿಲ್ಲ. ತೋಳು ಮೇಲೆ ಮಾಡಿ."

ಅವರು ಫ್ರಿಜ್ ತೆಗೆದು ಔಷಧಿ ಎತ್ತಿಕೊಂಡರು, ಬಾಗಿಲು ಹಾಕಿದರು. ಆಮೇಲೆ ನನ್ನನ್ನೇ ನೋಡುತ್ತ, ಅಂದು ತೆಗೆದಿಟ್ಟರೆಂದು ಹೆಸರು ಬಂದಿದ್ದ ಆ ಬಾಗಿಲನ್ನು, ಮುಚ್ಚಿದ್ದರೂ, ಸೊಂಟದಿಂದ ಇನ್ನೊಂದು ಸಲ ಒತ್ತಿದರು.